ನಿಸರ್ಗೇತಿಹಾಸದ ಒಂದು ಹಳೆಯ ಪತ್ರಿಕೆಯೂ ಕರಾವಳಿಯ ಗದ್ದೆಯ ಕಪ್ಪೆಯೂ

ಮುಂಗಾರಿನ ಮೊದಲ ಬಿರುಮಳೆ ಸುರಿದು ಉಡುಪಿ, ಕಾಪು, ಕಾರ್ಕಳಗಳ ಬೈಲುಗದ್ದೆಗಳಲ್ಲಿ ನೀರು ನಿಂತ ರಾತ್ರಿ ಕಪ್ಪೆಗಳ ಕೂಗು ಊರನ್ನೆಲ್ಲ ತುಂಬುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜಾತಿಯ ಗಂಡು ಈ ಕಾಲದಲ್ಲಿ ಹಳದಿ ಬಣ್ಣವನ್ನು ತಾಳಿ, ಗಂಟಲಿನ ಇಕ್ಕೆಲಗಳಲ್ಲಿಯೂ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುವುದು. ಬೇಸಾಯಗಾರನು ಈ ಕೂಗನ್ನು ಕೇಳಿ ಕಾರ್ತಿ ಬೆಳೆಯ ಕೆಲಸಕ್ಕೆ ಹೊತ್ತಾಯಿತೆಂದು ತಿಳಿಯುವನು. ಕೂಗುವ ಪ್ರಾಣಿಯ ವಿಷಯವಾಗಿ ಆಲೋಚಿಸುವುದು ಅಪೂರ್ವ. ಆದರೆ ಇದೇ ಜಾತಿಯ ಕಪ್ಪೆಯ ಹಿಂಗಾಲುಗಳು ಒಂದು ಕಾಲದಲ್ಲಿ ಭಾರತದಿಂದ ಸಾವಿರಾರು ಟನ್ನುಗಳಷ್ಟು ಪರದೇಶಗಳಿಗೆ ಹೋಗುತ್ತಿದ್ದುವು. ೧೯೮೭ನೆಯ ಇಸವಿಯಲ್ಲಿ ಸರಕಾರವು ಆ ರಫ್ತನ್ನು ನಿಲ್ಲಿಸಿತು. ಅದಕ್ಕೆ ಎರಡು ವರ್ಷಗಳ ಮುಂಚೆ, ೧೯೮೫ರಲ್ಲಿ, ಈ ವ್ಯಾಪಾರದ ವಿಷಯವಾಗಿ ಒಂದು ದೀರ್ಘವಾದ ಲೇಖನವು ಮುಂಬಯಿಯ ಒಂದು ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆ ಹೊತ್ತಿಗೆ ಆ ಪತ್ರಿಕೆಗೆ ನೂರು ವರ್ಷಗಳು ತುಂಬುತ್ತ ಬಂದಿದ್ದುವು. ಇಂಥ ಪತ್ರಿಕೆಯು ಹೇಗೆ ಹುಟ್ಟಿತು, ಇಷ್ಟು ಕಾಲ ಹೇಗೆ ಬದುಕಿತು, ಕನ್ನಡ ಕರಾವಳಿಗೂ ಅದಕ್ಕೂ ಏನು ಸಂಬಂಧ, ಅದರಿಂದ ಗದ್ದೆಯ ಒಡೆಯನು ಕಲಿಯತಕ್ಕುದೇನು ಎಂಬ ವಿಷಯಗಳನ್ನು ಈ ಪಾಠದಲ್ಲಿ ವಿವರಿಸಿದೆ.

ಸಂಘದ ಹುಟ್ಟು

೧೮೮೩ನೆಯ ಇಸವಿ ಸೆಪ್ಟೆಂಬರ್ ತಿಂಗಳ ೧೫ನೆಯ ತಾರೀಖು ಮುಂಬಯಿಯ ಎಂಟು ಮಂದಿ ನಿವಾಸಿಗಳು ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಸಭೆ ಸೇರಿ ಒಂದು ಸಂಘವನ್ನು ಸ್ಥಾಪಿಸಿದರು. ಈ ಎಂಟು ಮಂದಿಯಲ್ಲಿ ಇಬ್ಬರು ಭಾರತೀಯರು: ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ. ಉಳಿದವರು ಇಂಗ್ಲಿಷ್ ಅಧಿಕಾರಿಗಳು, ವೈದ್ಯರು ಮುಂತಾದವರು. ತಿಂಗಳಿಗೊಮ್ಮೆ ಒಂದೆಡೆ ಸೇರಿ ತಾವು ಕಂಡ ಪ್ರಾಣಿ, ಪಕ್ಷಿ, ಕೀಟ, ಸಸ್ಯಗಳ ವಿಷಯವನ್ನು ಪರಸ್ಪರ ತಿಳಿಸುವುದೂ, ಸಂಗ್ರಹಿಸಿದ ಮಾದರಿಗಳನ್ನು ತೋರಿಸುವುದೂ ಅವರ ಉದ್ದೇಶವಾಗಿತ್ತು. ಇದೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಕನ್ನಡದಲ್ಲಿ ಹೇಳುವುದಾದರೆ ಮುಂಬಯಿಯ ನಿಸರ್ಗೇತಿಹಾಸ ಸಂಘ.

ಸಂಘಕ್ಕೆ ಮೊದಲು ಸ್ವಂತ ಸ್ಥಳವಿರಲಿಲ್ಲ. ೧೮೮೪ರಲ್ಲಿ ಫಿಪ್ಸನ್ ಎಂಬ ದ್ರಾಕ್ಷಾರಸದ ವರ್ತಕನು ಫೋರ್ಬ್ಸ್ ಬೀದಿಯ ತನ್ನ ಅಂಗಡಿಯಲ್ಲಿ ಒಂದು ಭಾಗವನ್ನು ಅದಕ್ಕೆ ಬಿಟ್ಟುಕೊಟ್ಟನು. ಬಳಿಕ ಆತನೇ ೧೯೦೬ರ ವರೆಗೆ ಗೌರವ ಕಾರ್ಯದರ್ಶಿಯಾಗಿ ಸಂಘವನ್ನು ನಡೆಯಿಸಿದನು. ದೊಡ್ಡ ವಿಶ್ವವಿದ್ಯಾಲಯವಾಗಲಿ ಸರಕಾರದ ಇಲಾಖೆಯಾಗಲಿ ಇದನ್ನು ಕಟ್ಟಲಿಲ್ಲ. ಹಗಲೆಲ್ಲ ಬೇರೆ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ನಿಸರ್ಗವನ್ನು ನೋಡುತ್ತಿದ್ದವರೇ ಇದನ್ನು ಕಟ್ಟಿದರೆಂಬುದು ಗಮನಿಸತಕ್ಕ ಸಂಗತಿ.

ಪತ್ರಿಕೆಯ ಪ್ರಾರಂಭ ಮತ್ತು ರೀತಿ

ಸಭೆಯಲ್ಲಿ ಆಡಿದ ಮಾತು ಸಭೆ ಮುಗಿದೊಡನೆ ಕಳೆದುಹೋಗುವುದು. ಕೇಳಿದವರು ಮರೆಯುವರು, ದೂರದ ಊರಿನವರಿಗೆ ಅದು ತಲಪುವುದೇ ಇಲ್ಲ. ಈ ಕೊರತೆಯನ್ನು ನೀಗಿಸುವುದಕ್ಕಾಗಿ ೧೮೮೬ನೆಯ ಇಸವಿ ಜನವರಿಯಲ್ಲಿ ಸಂಘದ ಪತ್ರಿಕೆಯ ಮೊದಲ ಸಂಚಿಕೆಯು ಹೊರಟಿತು. ಐಟ್‌ಕನ್ ಮತ್ತು ಸ್ಟರ್ನ್‌ಡೇಲ್ ಎಂಬವರು ಅದರ ಮೊದಲ ಸಂಪಾದಕರು. ಅಂದಿನಿಂದ ಎರಡು ಮಹಾಯುದ್ಧಗಳೂ ರಾಜ್ಯದ ಬದಲಾವಣೆಯೂ ನಡೆದುಹೋದರೂ ಈ ಪತ್ರಿಕೆಯ ಸಂಪುಟಗಳು ಬರುತ್ತಲೇ ಬಂದಿವೆ.

ಪತ್ರಿಕೆಯಲ್ಲಿ ಎರಡು ಬಗೆಯ ಬರಹಗಳು. ಮೊದಲನೆಯದು ದೀರ್ಘಲೇಖನಗಳು: ಒಂದು ಸೀಮೆಯ ಹಕ್ಕಿಗಳು, ಒಂದು ಕುಲದ ಹಾವುಗಳು, ಒಂದು ಚಿಟ್ಟೆಯ ಜೀವನಕ್ರಮ ಇತ್ಯಾದಿ. ಎರಡನೆಯದು ಸಂಚಿಕೆಯ ಕೊನೆಯಲ್ಲಿ ಬರುವ ಬಿಡಿ ಟಿಪ್ಪಣಿಗಳು. ಕಾಫಿ ತೋಟದ ಯಜಮಾನ, ಅರಣ್ಯಾಧಿಕಾರಿ, ರಸ್ತೆಯ ಇಂಜಿನಿಯರ್, ವೈದ್ಯ, ಯಾರೇ ಆಗಲಿ, ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಸ್ಥಳ ಮತ್ತು ದಿನದೊಡನೆ ಹತ್ತಾರು ಸಾಲುಗಳಲ್ಲಿ ಬರೆದು ಕಳುಹಿಸಬಹುದಾಗಿತ್ತು. ಇಂಥ ಟಿಪ್ಪಣಿಯೊಂದು ತಾನಾಗಿ ಏನನ್ನೂ ಸಾಧಿಸಲಾರದು. ಆದರೆ ಅದು ಅಚ್ಚಾಯಿತೆಂದರೆ ಇನ್ನೊಬ್ಬನು ಓದಿ, ತನ್ನ ಊರಿನಲ್ಲಿ ಹಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಒಪ್ಪಿಯೋ ತಿದ್ದಿಯೋ ಬರೆಯುವನು. ಹೀಗೆ ನೂರು ಜನರ ಸಣ್ಣ ನೋಟಗಳು ಸೇರಿ ಒಬ್ಬನ ಆಯುಷ್ಯದಲ್ಲಿ ದೊರಕದ ತಿಳಿವಳಿಕೆಯಾಗುವುದು. ವಿಜ್ಞಾನ ಪತ್ರಿಕೆಯೊಂದರ ನಿಜವಾದ ಪ್ರಯೋಜನವು ಇದೇ.

ಆರಂಭದ ಸಂಪುಟಗಳಲ್ಲಿ ದೋಷಗಳೂ ಉಂಟು. ಬೇಟೆಯ ವಿಷಯವು ಅವುಗಳಲ್ಲಿ ಹೇರಳವಾಗಿದೆ. ಪತ್ರಿಕೆಯ ಭಾಷೆ ಇಂಗ್ಲಿಷಾದುದರಿಂದ, ಕಾಡನ್ನೂ ಗದ್ದೆಯನ್ನೂ ಹುಟ್ಟಿನಿಂದ ಬಲ್ಲ ಹಳ್ಳಿಗರ ಮಾತು ಪರರ ಲೇಖನಿಯ ಮೂಲಕವೇ ಅಲ್ಲಿಗೆ ಹೋಗಬೇಕಾಗಿತ್ತು. ಬರಬರುತ್ತ ಬೇಟೆಯ ಮಾತು ಕಡಿಮೆಯಾಗಿ ಪ್ರಾಣಿಗಳ ಸಂರಕ್ಷಣೆಯ ಮಾತು ಹೆಚ್ಚಿತು. ಭಾರತೀಯ ಲೇಖಕರೂ ಹೆಚ್ಚಿದರು. ಭಾಷೆಯ ತೊಡಕು ಮಾತ್ರ ಹಾಗೆಯೇ ಉಳಿದಿದೆ.

ಕನ್ನಡ ಕರಾವಳಿಯ ಪಾಲು

ಉಡುಪಿಯೂ ಕಾರವಾರವೂ ಒಂದು ಕಾಲದಲ್ಲಿ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಒಂದೇ ಕನ್ನಡ ಜಿಲ್ಲೆಯ ಊರುಗಳಾಗಿದ್ದುವು. ಆ ಜಿಲ್ಲೆಯನ್ನು ಎರಡಾಗಿ ವಿಭಾಗಿಸಿ, ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಆದಕಾರಣ ಮುಂಬಯಿಯ ಅಧಿಕಾರಿಗಳು ಕಾರವಾರಕ್ಕೆ ಬರುವಂತಾಯಿತು. ಪತ್ರಿಕೆಗೂ ಈ ಕರಾವಳಿಗೂ ನಂಟು ಬೆಳೆಯಿತು. ಮಳೆ, ಮಣ್ಣು, ಘಟ್ಟ, ಗದ್ದೆಗಳಲ್ಲಿ ಉತ್ತರ ಕನ್ನಡಕ್ಕೂ ಉಡುಪಿಯ ಸೀಮೆಗೂ ಬಹಳ ಹೋಲಿಕೆಯಿರುವುದರಿಂದ ಅಲ್ಲಿ ಕಂಡುಕೊಂಡ ಅನೇಕ ಸಂಗತಿಗಳು ಇಲ್ಲಿಗೂ ಉಪಯುಕ್ತವಾದುವು.

ಮೊದಲ ಸಂಪಾದಕನಾದ ಐಟ್‌ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರನು. ಆತನು ಕಾರವಾರದ ಸೀಮೆಯಲ್ಲಿ ಕೆಲಸಮಾಡಿದವನು. ಜಿಲ್ಲೆಯ ಕಲೆಕ್ಟರನಾಗಿದ್ದ ಡೇವಿಡ್ಸನ್, ಅರಣ್ಯ ಇಲಾಖೆಯ ಬೆಲ್, ಐಟ್‌ಕನ್, ಈ ಮೂವರೂ ಕೂಡಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ವಿಷಯವಾಗಿ ಬರೆದ ಲೇಖನಮಾಲೆಯು ೧೮೯೬ರಿಂದ ೧೮೯೮ರ ವರೆಗೆ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾರುವ ಚಿಟ್ಟೆಯನ್ನು ಹಿಡಿದು ಪೆಟ್ಟಿಗೆಯಲ್ಲಿ ಚುಚ್ಚಿಡುವುದರಿಂದ ಅವರಿಗೆ ತೃಪ್ತಿಯಾಗಲಿಲ್ಲ. ಕಂಬಳಿಹುಳುಗಳನ್ನು ತಂದು, ಅವು ತಿನ್ನುವ ಸೊಪ್ಪನ್ನೇ ಹಾಕಿ ಸಾಕಿ, ಯಾವ ಹುಳವು ಯಾವ ಗಿಡವನ್ನು ತಿನ್ನುವುದು, ಎಂಥ ಕೋಶವನ್ನು ಕಟ್ಟುವುದು, ಅದರಿಂದ ಯಾವ ಚಿಟ್ಟೆ ಹೊರಡುವುದು ಎಂಬುದನ್ನು ಬರೆದಿಟ್ಟರು.

ಈ ಕ್ರಮದ ಬೆಲೆಯನ್ನು ಬೇಸಾಯಗಾರನು ಸುಲಭವಾಗಿ ತಿಳಿಯಬಲ್ಲನು. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳವಿರುವುದು. ಕೆಲವು ದಿನಗಳಲ್ಲಿ ಅದೇ ಹುಳವು ಹಸುರು ಬಣ್ಣಕ್ಕೆ ತಿರುಗಿ ಎಲೆಗಳನ್ನು ಬರಿದುಮಾಡುವುದು. ಮುಂದೆ ಅದೇ ಹಳದಿ ಕಪ್ಪು ಬಣ್ಣದ ಚೆಲುವಾದ ಚಿಟ್ಟೆಯಾಗಿ ಹಾರುವುದು. ಮೂರೂ ಒಂದೇ ಜೀವವೆಂದು ಅರಿಯದವನು ಮೊದಲನೆಯದನ್ನು ಕೊಳೆಯೆಂದು ಬಿಡುವನು, ಎರಡನೆಯದಕ್ಕೆ ತಡವಾಗಿ ಮದ್ದು ಹೊಡೆಯುವನು, ಮೂರನೆಯದನ್ನು ನೋಡಿ ಸಂತೋಷಪಡುವನು. ಅರಿತವನು ಮೊದಲನೆಯ ಅವಸ್ಥೆಯಲ್ಲಿಯೇ ಎಳೆಯ ಗಿಡಗಳಿಂದ ಕೈಯಿಂದ ಆಯ್ದು ತೆಗೆಯುವನು.

ಬೆಲ್ ಎಂಬವನು ನಿವೃತ್ತನಾದ ಮೇಲೆಯೂ ಸ್ವದೇಶಕ್ಕೆ ಹೋಗದೆ ಕಾರವಾರದಲ್ಲಿಯೇ ನೆಲಸಿ, ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡನು. ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಆತನ ಲೇಖನಗಳು ೧೯೦೯ರಿಂದ ೧೯೨೭ರ ವರೆಗೆ ಪತ್ರಿಕೆಯಲ್ಲಿ ಬರುತ್ತಿದ್ದುವು. ಐಟ್‌ಕನ್‌ನನ್ನು ೧೯೦೨ರಲ್ಲಿ ಗೋವೆಯ ಗಡಿಯ ಸುಂಕದ ಕಟ್ಟೆಗಳಲ್ಲಿ ಹರಡಿದ್ದ ಮಲೇರಿಯಾ ಜ್ವರದ ವಿಚಾರಣೆಗೆ ನೇಮಿಸಲಾಯಿತು. ಅಲ್ಲಿ ಆತನು ಕಂಡ ಹೊಸ ಜಾತಿಯ ಸೊಳ್ಳೆಗೆ ಆತನ ಹೆಸರನ್ನೇ ಇಟ್ಟಿದ್ದಾರೆ.

ಸಂಘದ ಲಾಂಛನದಲ್ಲಿರುವ ಹಕ್ಕಿಯೂ ಕಾರವಾರದಿಂದ ಹೋದುದೇ. ೧೮೯೪ರಲ್ಲಿ ಅಲ್ಲಿಯ ಇಂಗಲ್ ಎಂಬವರು ಒಂದು ದೊಡ್ಡ ಮಂಗಟ್ಟೆಯ ಮರಿಯನ್ನು ಸಂಘಕ್ಕೆ ಕೊಟ್ಟರು. ವಿಲಿಯಂ ಎಂದು ಹೆಸರಾದ ಆ ಹಕ್ಕಿ ಇಪ್ಪತ್ತಾರು ವರ್ಷ ಸಂಘದ ಕಚೇರಿಯಲ್ಲಿಯೇ ಬಾಳಿ, ೧೯೨೦ರಲ್ಲಿ ಸತ್ತಿತು; ತಂತಿಯ ತುಂಡೊಂದನ್ನು ನುಂಗಿದುದೇ ಕಾರಣವೆಂದು ಹೇಳುವರು. ಕಾರ್ಕಳದ ಪೂರ್ವಕ್ಕೆ ಘಟ್ಟದ ಬುಡದ ಕಾಡುಗಳನ್ನು ಬಲ್ಲವರಿಗೆ ಮಂಗಟ್ಟೆಯ ರೆಕ್ಕೆಯ ಸದ್ದು ಹೊಸದಲ್ಲ.

ಹಾವು ಮತ್ತು ಇಲಿ

ಫ್ರಾಂಕ್ ವಾಲ್ ಎಂಬ ಸೈನ್ಯದ ವೈದ್ಯನು ಭಾರತದ ಸಾಮಾನ್ಯ ಹಾವುಗಳ ವಿಷಯವಾಗಿ ಎಲ್ಲರೂ ಓದಿ ತಿಳಿಯುವಂತೆ ಬರೆದ ಲೇಖನಮಾಲೆಯನ್ನು ಪತ್ರಿಕೆಯು ೧೯೦೫ರಿಂದ ೧೯೧೯ರ ವರೆಗೆ ಬಣ್ಣದ ಚಿತ್ರಗಳೊಡನೆ ಪ್ರಕಟಿಸಿತು. ಹಾವೆಂದರೆ ಎಲ್ಲವೂ ವಿಷವೆಂಬ ಭಯವು ಸಾಮಾನ್ಯವಾಗಿದ್ದ ಕಾಲದಲ್ಲಿ, ವಿಷವುಳ್ಳದ್ದನ್ನೂ ಇಲ್ಲದ್ದನ್ನೂ ಮೈಯ ಹುರುಪೆಗಳ ಲಕ್ಷಣದಿಂದ ಬೇರೆಮಾಡುವ ಕ್ರಮವು ಅದರಿಂದ ಜನರಿಗೆ ದೊರಕಿತು. ಇಂದಿಗೂ ಈ ದೇಶದಲ್ಲಿ ಹೆಚ್ಚು ಪ್ರಾಣಹಾನಿಗೆ ಕಾರಣವಾಗತಕ್ಕವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳು. ಗದ್ದೆಯ ಹುಣಿಯ ಮೇಲೆ ಹರಿದಾಡುವ ಕೇರೆಹಾವಿಗೆ ವಿಷವಿಲ್ಲ. ಅದು ಇಲಿಗಳನ್ನು ತಿಂದು ಬದುಕುವುದು. ಭಯದಿಂದ ಕೇರೆಯನ್ನು ಕೊಲ್ಲುವವನು ತನ್ನ ಭತ್ತವನ್ನು ಇಲಿಯ ಬಾಯಿಗೆ ಕೊಟ್ಟಂತೆ. ವಿಷದ ಹಾವು ಕಚ್ಚಿದ್ದಾದರೆ ಕಟ್ಟು, ಕೊಯ್ಲು, ಮಂತ್ರಗಳಲ್ಲಿ ಹೊತ್ತು ಕಳೆಯದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇಲಿಗಳ ವಿಷಯದಲ್ಲಿಯೂ ಸಂಘದ ಕೆಲಸವು ದೊಡ್ಡದು. ೧೯೧೧ರಿಂದ ೧೯೨೩ರ ವರೆಗೆ ಸಂಘವು ಸಸ್ತನಿಗಳ ಸಮೀಕ್ಷೆಯನ್ನು ನಡೆಯಿಸಿತು. ಸಂಗ್ರಾಹಕರು ಧಾರವಾಡ, ಉತ್ತರ ಕನ್ನಡ, ಕೊಡಗು ಮೊದಲಾದ ಸೀಮೆಗಳಲ್ಲಿ ಸಂಚರಿಸಿ, ಇಲಿ, ಹೆಗ್ಗಣ, ಅಳಿಲು, ಬಾವಲಿ ಮುಂತಾದವುಗಳ ಮಾದರಿಗಳನ್ನು ಸ್ಥಳ ಮತ್ತು ದಿನಗಳೊಡನೆ ಶೇಖರಿಸಿದರು. ಸೀಮೆಸೀಮೆಯ ವರದಿಗಳು ಪತ್ರಿಕೆಯಲ್ಲಿ ಅಚ್ಚಾದುವು. ಇಲಿಯೆಂದರೆ ಒಂದೇ ಎಂದು ತಿಳಿದವನಿಗೆ ಇದರ ಉಪಯೋಗವು ಕಾಣಿಸದು. ಮನೆಯ ಮಾಡಿನಲ್ಲಿ ಗೂಡುಮಾಡುವ ಇಲಿ ಬೇರೆ. ಗದ್ದೆಯ ಹುಣಿಯಲ್ಲಿ ಬಿಲ ತೋಡಿ, ತೆನೆಗಳನ್ನು ಕತ್ತರಿಸಿ ಒಳಗೆ ಕೂಡಿಡುವ ಹೆಗ್ಗಣ ಬೇರೆ. ಒಂದಕ್ಕೆ ಒಡ್ಡಿದ ಉಪಾಯವು ಇನ್ನೊಂದಕ್ಕೆ ಸಲ್ಲದು. ಶತ್ರುವಿನ ಹೆಸರನ್ನೂ ನೆಲೆಯನ್ನೂ ಸರಿಯಾಗಿ ತಿಳಿಯುವುದು ಬೆಳೆಯ ರಕ್ಷಣೆಯ ಮೊದಲನೆಯ ಮೆಟ್ಟಿಲು.

ಗೀಜಗನ ಪಾಠ

ಪತ್ರಿಕೆಯ ಹೆಸರನ್ನು ದೇಶವಿದೇಶಗಳಲ್ಲಿ ಹರಡಿದವರಲ್ಲಿ ಸಾಲಿಂ ಅಲಿಯವರು (೧೮೯೬–೧೯೮೭) ಮುಖ್ಯರು. ಇವರು ೧೯೩೦ರ ಮಳೆಗಾಲದಲ್ಲಿ ಮುಂಬಯಿಯ ಹತ್ತಿರದ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗಗಳ ಗೂಡುಗಳನ್ನು ದಿನವೂ ಕಾದು ನೋಡಿದರು. ಗಂಡು ಗೂಡನ್ನು ಅರ್ಧ ನೇಯ್ದು ನಿಲ್ಲಿಸುವುದು. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿಮಾಡುವುದು. ಹೆಣ್ಣು ಮೊಟ್ಟೆಗಳ ಮೇಲೆ ಕುಳಿತೊಡನೆ ಗಂಡು ಬೇರೊಂದು ಗೂಡಿಗೆ ತೊಡಗಿ ಬೇರೊಂದು ಹೆಣ್ಣನ್ನು ಕರೆಯುವುದು. ಈ ಶೋಧವು ಆಗಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾದ ಯಂತ್ರಗಳೇನೂ ಇಲ್ಲ. ಎರಡು ಕಣ್ಣುಗಳು, ಒಂದು ಪುಸ್ತಕ, ಬೇಸರವಿಲ್ಲದ ತಾಳ್ಮೆ.

ಗೀಜಗವು ಭತ್ತವನ್ನು ತಿನ್ನುವುದೆಂದು ಬೇಸಾಯಗಾರನು ದೂರುವುದು ಸುಳ್ಳಲ್ಲ. ಆದರೆ ಅದು ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಗಳನ್ನು. ಅಂದರೆ ಪೈರು ಬೆಳೆಯುವ ಮಳೆಗಾಲದಲ್ಲಿ ಅದೇ ಹಕ್ಕಿ ಗದ್ದೆಯ ಹುಳಗಳನ್ನು ಆರಿಸಿ ಒಯ್ಯುವುದು. ಕೊಯ್ಲಿನ ಹೊತ್ತಿಗೆ ಕೂಲಿಯನ್ನು ವಸೂಲುಮಾಡುವುದು. ಒಂದು ಪ್ರಾಣಿಯನ್ನು ಮಿತ್ರನೆಂದಾಗಲಿ ಶತ್ರುವೆಂದಾಗಲಿ ನಿರ್ಣಯಿಸಬೇಕಾದರೆ ವರ್ಷದ ಹನ್ನೆರಡು ತಿಂಗಳ ಲೆಕ್ಕವನ್ನೂ ನೋಡಬೇಕು. ಇದೇ ವಿಚಾರವಾಗಿ ಪೂಸಾದ ವ್ಯವಸಾಯ ಸಂಶೋಧನಾಲಯದ ಮೇಸನ್ ಮತ್ತು ಲೆಫ್ರಾಯ್ ಎಂಬವರು ಭಾರತದ ಹಕ್ಕಿಗಳ ಆಹಾರವನ್ನು ಕುರಿತು ೧೯೧೨ರಲ್ಲಿಯೇ ದೊಡ್ಡ ವರದಿಯನ್ನು ಪ್ರಕಟಿಸಿದ್ದರು. ಮುಂದೆ ಸಾಲಿಂ ಅಲಿಯವರು ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಯಿಸಿದರು. ಅದರ ಫಲವು ೧೯೪೨–೪೩ರಲ್ಲಿ ಇದೇ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಬಂದಿತು.

ಕಪ್ಪೆಯ ಕಾಲುಗಳ ವ್ಯಾಪಾರ

ಇನ್ನು ಗದ್ದೆಯ ಕಪ್ಪೆಯ ವಿಷಯ. ಬೈಲಿನ ದೊಡ್ಡ ಕಪ್ಪೆಯು ಹೊಟ್ಟೆಬಾಕ ಪ್ರಾಣಿ. ಮಿಡತೆ, ಜೀರುಂಡೆ, ಪತಂಗ, ಹುಳುಗಳಲ್ಲದೆ ಹುಣಿಯನ್ನು ಕೊರೆಯುವ ಏಡಿಯನ್ನೂ ಇಲಿಯ ಮರಿಯನ್ನೂ ಅದು ನುಂಗುವುದು. ಅದರ ಗೊದಮೊಟ್ಟೆಯೂ ನೀರಿನ ಚಿಕ್ಕ ಜೀವಿಗಳನ್ನು ಬೇಟೆಯಾಡುವಂಥದು. ಬೈಲು, ಮಜಲು, ಬೆಟ್ಟುಗಳೆಂಬ ಮೂರು ಬಗೆಯ ಗದ್ದೆಗಳಲ್ಲಿ ನೀರು ಹೆಚ್ಚು ಕಾಲ ನಿಲ್ಲುವ ಬೈಲಿನಲ್ಲಿ, ಕಾರ್ತಿಯ ಬಳಿಕ ಸುಗ್ಗಿ, ಸುಗ್ಗಿಯ ಬಳಿಕ ಕೊಳಕೆ ಎಂದು ಬೆಳೆಯ ಮೇಲೆ ಬೆಳೆ ತೆಗೆಯುವೆಡೆಯಲ್ಲಿ, ಸಂಬಳವಿಲ್ಲದ ಇಂಥ ಕಾವಲುಗಾರನಿಗೆ ಕೆಲಸವು ಹೆಚ್ಚು.

ಪಾಶ್ಚಾತ್ಯ ದೇಶಗಳಲ್ಲಿ ಕಪ್ಪೆಯ ಹಿಂಗಾಲನ್ನು ರುಚಿಯಾದ ತಿಂಡಿಯೆಂದು ಉಣ್ಣುವವರುಂಟು. ಹೆಪ್ಪುಗಟ್ಟಿಸಿ ಹಡಗಿನಲ್ಲಿ ಸಾಗಿಸುವ ಅನುಕೂಲವು ಬಂದ ಮೇಲೆ ಭಾರತದಿಂದ ಇದರ ರಫ್ತು ಬೆಳೆಯುತ್ತ ಹೋಗಿ, ೧೯೮೧ರಲ್ಲಿ ನಾಲ್ಕು ಸಾವಿರ ಟನ್ನುಗಳನ್ನು ಮೀರಿತು. ರಫ್ತಾಗುತ್ತಿದ್ದುದು ಕಾಲುಗಳು ಮಾತ್ರವಾದುದರಿಂದ ಈ ತೂಕಕ್ಕಾಗಿ ಕೊಂದ ಕಪ್ಪೆಗಳ ಸಂಖ್ಯೆಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಹಿಡಿಯುತ್ತಿದ್ದುದು ಮಳೆಗಾಲದ ರಾತ್ರಿಗಳಲ್ಲಿ, ಕೂಗಿನ ಜಾಡು ಹಿಡಿದು, ದೀಪದ ಬೆಳಕಿನಲ್ಲಿ. ಅದೇ ಅವುಗಳು ಮೊಟ್ಟೆಯಿಡುವ ಕಾಲವಾದುದರಿಂದ ಒಂದು ಕಪ್ಪೆಯೊಡನೆ ಮುಂದಿನ ವರ್ಷದ ಸಂತಾನವೂ ಹೋಗುತ್ತಿತ್ತು. ಹಿಡಿದು ಮಾರಿದ ಬಡವನಿಗೆ ಒಂದು ಹೊತ್ತಿನ ಕೂಲಿ ದೊರಕುತ್ತಿದ್ದುದು ನಿಜ. ದೇಶಕ್ಕೆ ವಿದೇಶದ ಹಣವೂ ಬರುತ್ತಿತ್ತು. ಆದರೆ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವವರಿರಲಿಲ್ಲ. ಅದು ಗದ್ದೆಯಲ್ಲಿ ಹುಳದ ರೂಪದಲ್ಲಿಯೂ ಮದ್ದಿನ ಅಂಗಡಿಯಲ್ಲಿ ಸಾಲದ ರೂಪದಲ್ಲಿಯೂ ಬರತಕ್ಕುದಾಗಿತ್ತು.

ಸಂಘದ ಗೌರವ ಕಾರ್ಯದರ್ಶಿಯಾಗಿಯೂ ಕೆಲಸಮಾಡಿದ ಹುಮಾಯೂನ್ ಅಬ್ದುಲಾಲಿಯವರು ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ಬಹುಕಾಲ ವಾದಿಸಿದರು. ಅವರು ಪಕ್ಷಿಶಾಸ್ತ್ರಜ್ಞರು, ಕಪ್ಪೆಯು ಅವರ ಮುಖ್ಯ ವಿಷಯವಲ್ಲ. ಆದರೂ ಈ ರಫ್ತಿನ ಸಮಗ್ರ ವಿಚಾರವನ್ನು ಮಾಡಿ ಬರೆದ ಇಪ್ಪತ್ತೊಂಬತ್ತು ಪುಟಗಳ ಲೇಖನವು ೧೯೮೫ರಲ್ಲಿ, ಪತ್ರಿಕೆಯ ೮೨ನೆಯ ಸಂಪುಟದಲ್ಲಿ ಅಚ್ಚಾಯಿತು. ಅದೇ ವರ್ಷ ಈ ದೊಡ್ಡ ಕಪ್ಪೆಯನ್ನೂ ಇನ್ನೊಂದು ಜಾತಿಯನ್ನೂ, ವ್ಯಾಪಾರದ ಮೇಲೆ ನಿಗಾ ಇಡಬೇಕಾದ ಪ್ರಾಣಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ೧೯೮೭ರಲ್ಲಿ ಭಾರತವು ರಫ್ತನ್ನು ಪೂರ್ತಿಯಾಗಿ ನಿಷೇಧಿಸಿತು. ಒಂದು ಲೇಖನವೇ ಇದನ್ನೆಲ್ಲ ಮಾಡಿತೆಂದು ಹೇಳುವುದು ಸರಿಯಲ್ಲ. ಅನೇಕರ ಪ್ರಯತ್ನವು ಅದರಲ್ಲಿ ಕೂಡಿತ್ತು. ಆದರೆ ವ್ಯಾಪಾರದ ಪರವಾಗಿ ಅಂಕಿಗಳು ಮಾತಾಡುತ್ತಿದ್ದಾಗ, ಕಪ್ಪೆಯ ಪರವಾಗಿಯೂ ಆಧಾರಸಹಿತವಾದ ಬರಹವೊಂದು ಸಿದ್ಧವಿದ್ದುದು ಸಾಮಾನ್ಯ ಉಪಕಾರವಲ್ಲ. ಭಾರತದ ಬಾಗಿಲು ಮುಚ್ಚಿದ ಮೇಲೆ ಆ ಬೇಡಿಕೆಯು ಬೇರೆ ದೇಶಗಳತ್ತ ತಿರುಗಿ, ಇಂಡೊನೇಷಿಯಾ ದೇಶವು ಮುಖ್ಯ ರಫ್ತುದಾರನಾಯಿತು.

ಮಣಿಪಾಲದ ಮುರಕಲ್ಲು

ಹಳೆಯ ಪತ್ರಿಕೆಗಳು ಎಲ್ಲವನ್ನೂ ಬರೆದು ಮುಗಿಸಿವೆ, ಇನ್ನು ನೋಡತಕ್ಕುದೇನೂ ಇಲ್ಲವೆಂದು ಯಾರಾದರೂ ಎಣಿಸಿದರೆ, ಅವರಿಗೆ ಉತ್ತರವು ಮಣಿಪಾಲದಲ್ಲಿಯೇ ಇದೆ. ಅಲ್ಲಿಯ ಮತ್ತು ಸುತ್ತಲಿನ ಮುರಕಲ್ಲಿನ ಹಾಸುಗಳಲ್ಲಿ ಮಳೆಗಾಲದಲ್ಲಿ ನೀರು ನಿಂತು ಸಣ್ಣ ಹೊಂಡಗಳಾಗುತ್ತವೆ. ಕಲ್ಲು ಕಡಿದು ಮನೆ ಕಟ್ಟುವುದಕ್ಕಲ್ಲದೆ ಬೇರೆ ಉಪಯೋಗವಿಲ್ಲದ ಬಂಜರು ಎಂದು ಜನರು ತಿಳಿಯುವ ಈ ನೆಲದಲ್ಲಿ, ಹೆಬ್ಬೆರಳಿನ ತುದಿಯಷ್ಟು ಚಿಕ್ಕದಾದ, ಸುಮಾರು ಒಂದೂವರೆ ಸೆಂಟಿಮೀಟರಿನ ಒಂದು ಕಪ್ಪೆ ಕೂಗುತ್ತಿತ್ತು. ಅದರ ಕೂಗು ಕೀಟದ ದನಿಯಂತಿದ್ದುದರಿಂದ ಕೇಳಿದವರು ಚಿಮ್ಮಂಡೆಯೆಂದೇ ಭಾವಿಸುವ ಹಾಗಿತ್ತು. ರಮಿತ್ ಸಿಂಗಲ್, ಶೇಷಾದ್ರಿ, ಗುರುರಾಜ ಮೊದಲಾದವರು ಅದರ ಮೈಲಕ್ಷಣ, ಕೂಗು, ವಂಶವಾಹಿ ಎಂಬ ಮೂರು ಕಡೆಗಳಿಂದಲೂ ಪರೀಕ್ಷಿಸಿ, ಅದು ಅದುವರೆಗೆ ವಿಜ್ಞಾನಕ್ಕೆ ತಿಳಿಯದ ಜಾತಿಯೆಂದು 'ಪ್ಲಾಸ್ ಒನ್' ಎಂಬ ಬೇರೊಂದು ಪತ್ರಿಕೆಯಲ್ಲಿ ೨೦೧೬ರಲ್ಲಿ ಪ್ರಕಟಿಸಿದರು. ಅದಕ್ಕೆ ಮುರಕಲ್ಲಿನ ಹೆಸರನ್ನೇ ಇಟ್ಟರು. ಪತ್ರಿಕೆ ಬೇರೆಯಾದರೂ ಕ್ರಮವು ಕಾರವಾರದವರದೇ: ನೋಡುವುದು, ಸ್ಥಳ ಮತ್ತು ದಿನವನ್ನು ಬರೆಯುವುದು, ಮಾದರಿಯನ್ನು ಕಾಪಾಡುವುದು, ಇತರರ ಪರೀಕ್ಷೆಗೆ ಒಪ್ಪಿಸುವುದು. ಪೇಟೆಯ ಮಗ್ಗುಲಲ್ಲಿಯೇ, ಸಾವಿರಾರು ವಿದ್ಯಾರ್ಥಿಗಳು ಓಡಾಡುವ ನೆಲದಲ್ಲಿಯೇ, ಇಷ್ಟು ಕಾಲ ಅದು ಹೆಸರಿಲ್ಲದೆ ಇದ್ದಿತೆಂಬುದು ನೋಡುವವರ ಕೊರತೆಯನ್ನು ತೋರಿಸುತ್ತದೆ.

ದೀರ್ಘಾಯುಷ್ಯಕ್ಕೆ ಕಾರಣ

ವಿಜ್ಞಾನದ ಪತ್ರಿಕೆಯನ್ನು ಹುಟ್ಟಿಸುವುದು ಸುಲಭ, ನಡೆಯಿಸುವುದು ಕಷ್ಟ. ಕನ್ನಡದಲ್ಲಿಯೇ ನೋಡಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಮಿತ್ರರೊಡನೆ ಕೂಡಿ, ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ, ಒಂದನೆಯ ಮಹಾಯುದ್ಧವು ಮುಗಿಯುವ ಕಾಲದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಉದ್ದೇಶವು ಘನವಾಗಿತ್ತು, ಬರಹವು ಉತ್ತಮವಾಗಿತ್ತು. ಆದರೂ ಅದು ಎರಡು ವರ್ಷಗಳ ಆಚೆಗೆ ಬಾಳಲಿಲ್ಲ. ಮುಂಬಯಿಯ ಪತ್ರಿಕೆಗೆ ಇದ್ದ ಆಧಾರಗಳು ಮೂರು. ಅದರ ಹಿಂದೆ ಚಂದಾ ಕೊಡುವ ಸದಸ್ಯರ ಸಂಘವಿತ್ತು. ಲೇಖನದಲ್ಲಿ ಹೇಳಿದ ಪ್ರಾಣಿಯ ಮಾದರಿಯನ್ನು ಯಾರು ಬೇಕಾದರೂ ಬಂದು ಪರೀಕ್ಷಿಸುವಂತೆ ಸಂಗ್ರಹಾಲಯವಿತ್ತು. ಓದುವವರೇ ಬರೆಯುವವರಾಗಿದ್ದರು. ಸ್ವಾತಂತ್ರ್ಯದ ಕಾಲದಲ್ಲಿ ಸಂಘಕ್ಕೆ ಹಣದ ಮುಗ್ಗಟ್ಟು ಬಂದಾಗ ಸಾಲಿಂ ಅಲಿಯವರು ಪ್ರಧಾನಿ ನೆಹರೂರವರಿಗೆ ಬರೆದು ಸಹಾಯವನ್ನು ದೊರಕಿಸಿದರು. ಮೂರು ಆಧಾರಗಳಲ್ಲಿ ಓದುಗನೇ ಬರಹಗಾರನಾಗುವ ಕ್ರಮವೇ ಹೆಚ್ಚು ಬಲವಾದುದು.

ಬೇಸಾಯಗಾರನು ಬರೆದಿಡತಕ್ಕ ವಿವರಗಳು

ಗದ್ದೆಯಲ್ಲಿ ದಿನವೂ ನಿಲ್ಲುವವನಷ್ಟು ನೋಡುವ ಅವಕಾಶವು ಯಾವ ಪಂಡಿತನಿಗೂ ಇಲ್ಲ. ಬರೆದಿಡುವ ಅಭ್ಯಾಸವೊಂದು ಸಾಲದು. ಪ್ರತಿಯೊಂದು ಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು ಈ ಕೆಳಗಿನ ಸಂಗತಿಗಳನ್ನು ಕನ್ನಡದಲ್ಲಿಯೇ ಬರೆದಿಡಬಹುದು:

೧. ಮೊದಲ ಮಳೆಯ ದಿನ, ಕಪ್ಪೆಗಳು ಕೂಗಲಾರಂಭಿಸಿದ ದಿನ, ನೇಜಿ ನೆಟ್ಟ ದಿನ.

೨. ಗದ್ದೆಯ ಹೆಸರು, ಅದು ಬೈಲೋ ಮಜಲೋ ಬೆಟ್ಟೋ ಎಂಬುದು, ಭತ್ತದ ತಳಿ.

೩. ಕಾಂಡಕೊರಕ, ಎಲೆ ಸುರುಳಿ ಹುಳು, ಕಂದು ಜಿಗಿಹುಳು ಮೊದಲಾದವು ಕಂಡ ದಿನ ಮತ್ತು ಹಾನಿಯ ಪ್ರಮಾಣ.

೪. ಹೊಡೆದ ಮದ್ದಿನ ಹೆಸರು, ಅಳತೆ, ದಿನ. ಅನಂತರದ ವಾರದಲ್ಲಿ ಕಪ್ಪೆ, ಜೇಡ, ಬೆಳ್ಳಕ್ಕಿಗಳು ಎಂದಿನಂತೆ ಇದ್ದುವೇ ಇಲ್ಲವೇ ಎಂಬುದು.

೫. ಹೆಸರು ತಿಳಿಯದ ಹುಳ ಅಥವಾ ರೋಗವಾದರೆ ಅದರ ಚಿತ್ರ ಮತ್ತು ತಿಂದ ಎಲೆ.

ನಾಲ್ಕನೆಯ ಸಂಗತಿಗೆ ವಿಶೇಷ ಗಮನ ಕೊಡಬೇಕು. ಅನಗತ್ಯವಾಗಿ ಹೊಡೆದ ಮದ್ದು ಹುಳದೊಡನೆ ಹುಳದ ವೈರಿಗಳನ್ನೂ ಕೊಲ್ಲುವುದು. ಜೇಡ ಮುಂತಾದ ವೈರಿಗಳು ನಾಶವಾದ ಗದ್ದೆಯಲ್ಲಿ ಕಂದು ಜಿಗಿಹುಳುವು ಮೊದಲಿಗಿಂತ ಹೆಚ್ಚಾಗಿ ಮೇಲೇಳುವುದು ಅನೇಕ ದೇಶಗಳ ಅನುಭವ. ರಫ್ತು ನಿಂತರೂ ಕಪ್ಪೆಗೆ ಅಪಾಯವು ನಿಂತಿಲ್ಲ; ಈಗ ಅದು ದೀಪ ಹಿಡಿದು ಬರುವುದಿಲ್ಲ, ಮದ್ದಿನ ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿಯನ್ನು ಹಿಡಿದಿರುವ ಕೈ ಗದ್ದೆಯ ಒಡೆಯನದೇ. ಹಾನಿಯ ಮಟ್ಟವನ್ನು ನೋಡಿ, ವ್ಯವಸಾಯಾಧಿಕಾರಿಯ ಸಲಹೆಯನ್ನು ಪಡೆದು, ಅಗತ್ಯವಿದ್ದಲ್ಲಿ ಮಾತ್ರ, ತಕ್ಕ ಅಳತೆಯಲ್ಲಿ ಮದ್ದನ್ನು ಉಪಯೋಗಿಸತಕ್ಕದ್ದು.

ಹೀಗೆ ಬರೆದ ಪುಸ್ತಕಗಳನ್ನು ಊರಿನ ಶಾಲೆಯ ಉಪಾಧ್ಯಾಯರಿಗೂ ಬ್ರಹ್ಮಾವರದ ಸಂಶೋಧನಾ ಕೇಂದ್ರದವರಿಗೂ ತೋರಿಸಬಹುದು. ಐದಾರು ವರ್ಷಗಳ ಲೆಕ್ಕವು ಕೂಡಿದರೆ ಯಾವ ಬೈಲಿನಲ್ಲಿ ಯಾವ ಹುಳವು ಯಾವ ವಾರದಲ್ಲಿ ಬರುವುದೆಂಬುದು ತಾನಾಗಿ ಕಾಣಿಸುವುದು. ಕಾರವಾರದ ಸುಂಕದ ನೌಕರನು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದುದನ್ನು ಇಂದು ಗಣಕಯಂತ್ರದಲ್ಲಿ ಯಾರು ಬೇಕಾದರೂ ಓದಬಹುದು. ಆತನೊಡನೆ ಅದೇ ಕಾಡಿನಲ್ಲಿ ನಡೆದು ಆತನಿಗಿಂತ ಹೆಚ್ಚು ಬಲ್ಲವರಾಗಿದ್ದ ಊರಿನವರ ತಿಳಿವಳಿಕೆಯು ಬರಹಕ್ಕೆ ಇಳಿಯದೆ ಅವರೊಡನೆಯೇ ಹೋಯಿತು. ಮುಂದಿನ ಮುಂಗಾರಿನ ಮೊದಲ ರಾತ್ರಿ ಕಪ್ಪೆ ಕೂಗಿದಾಗ ದಿನವನ್ನೂ ಗದ್ದೆಯ ಹೆಸರನ್ನೂ ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕು, ಕೆಲಸವು ಆರಂಭವಾದಂತೆಯೇ.